ಜೀಪಿನ ಒಳಛಾವಣಿಗೆ ಐದು ಕಂಬಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೊದಲ ಡ್ರಾಫ್ಟಿನಲ್ಲಿ ಜೀಪು ಗೇಟಿನ ಕಂಬಕ್ಕೆ ಗುದ್ದುವುದರಿಂದ ಶುರು ಮಾಡಿದ್ದೆ. ಸದ್ದು ಚೆನ್ನಾಗಿ ಬಂದಿತ್ತು. ಆದರೆ ಗುದ್ದಿನಿಂದ ಶುರುವಾದ ಕಥೆಯಲ್ಲಿ ಓದುಗರು ಆಮೇಲೆ ಹೆಣ ಕೇಳುತ್ತಾರೆ. ಇಲ್ಲಿ ಹೆಣ ಇಲ್ಲ. ಬಂಪರ್ ಸೊಟ್ಟಗಾಗಿದೆ, ಅಷ್ಟೆ. ಎರಡನೇ ಡ್ರಾಫ್ಟು ಜೀಪಿನ ಇತಿಹಾಸದಿಂದ ಶುರುವಾಗಿ ಎರಡು ಪುಟವಾದರೂ ಗೇರ್ ಬದಲಿಸಲಿಲ್ಲ. ಎರಡನ್ನೂ ಹರಿದು ಹಾಕಿದೆ.

ಹಾಗಾಗಿ ನೇರ ವಿಷಯ. ಗಟ್ಟಿ ತಗಡಿನ ಟಾಪಿರುವ ಒಂದು ಹಳೇ ಜೀಪು. ಟಾಪಿನ ಒಳಗೆ ಹಾಕಿದ್ದ ಬಟ್ಟೆ, ಅಂದರೆ ಲೈನಿಂಗು, ಜೋತು ಬಿದ್ದಿದೆ. ಜೀಪಿನ ಯಜಮಾನ ಒಬ್ಬ ನಿವೃತ್ತ ಡ್ರೈವರ್. ಅವನ ಮಗಳು ಸೋಫಾ ಹೊಲಿಯುವವಳು. ಮುಖ್ಯ ಪಾತ್ರಗಳು ಇವರಿಬ್ಬರೇ. (ಮೂರನೆಯವನು ನಾನು. ನನ್ನನ್ನು ಅಷ್ಟಾಗಿ ನಂಬಬೇಡಿ.)

೨

ಲೈನಿಂಗು ಕಳಚಿ ಮುಖದ ಮೇಲೆ ಬಿತ್ತು, ಅದಕ್ಕೇ ಜೀಪು ಕಂಬಕ್ಕೆ ಹೋಯಿತು ಎಂಬುದು ಅಪ್ಪನ ಹೇಳಿಕೆ. ಕಂಬಕ್ಕೆ ಹೋಗಿದ್ದಕ್ಕೇ ಲೈನಿಂಗು ಬಿತ್ತು ಎಂಬುದು ಮಗಳ ಅನುಮಾನ. ನೋಡಿದವರು ಯಾರೂ ಇಲ್ಲ. (ನಾನು ನೋಡಬಹುದಿತ್ತು. ಆ ಡ್ರಾಫ್ಟು ಹರಿದು ಹಾಕಿದ್ದೇನಲ್ಲ.)

ಅಪ್ಪ ಒಬ್ಬನೇ ಓಡಾಡುತ್ತಿದ್ದರೆ ಮಗಳು ಕೂಗಾಡಿ ಬಿಟ್ಟುಬಿಡುತ್ತಿದ್ದಳೇನೋ. ಆದರೆ ದಿನಾ ಬೆಳಗ್ಗೆ ಅವಳ ಮಗಳನ್ನು ಸ್ಕೂಲಿಗೆ ಬಿಡುವುದು ಅವನೇ, ಇದೇ ಜೀಪಿನಲ್ಲಿ. ಹಾಗಾಗಿ ಅವಳು ಕೀಲಿ ಕಿತ್ತುಕೊಂಡು ತನ್ನ ಏಪ್ರನ್ ಜೇಬಿಗೆ ಹಾಕಿಕೊಂಡಳು. ಕಣ್ಣು ತೋರಿಸಿಕೊಂಡು ಬಾ ಎಂದಳು. ಕಣ್ಣಿಗೇನಾಗಿದೆ, ಬಟ್ಟೆ ಸರಿ ಮಾಡು ಎಂದ. ಒಂದು ವಾರ ಮನೆಯಲ್ಲಿ ಇದೇ ಪಾರಾಯಣ. ಕೊನೆಗೆ, ಬಟ್ಟೆಯಾದರೂ ಮುಗಿಯಲಿ ಎಂದು ಅವಳು ಒಂದು ಭಾನುವಾರ ಕತ್ತರಿ ಹಿಡಿದು ಗ್ಯಾರೇಜಿಗೆ ಇಳಿದಳು.

೩

ಇಂಥ ಲೈನಿಂಗನ್ನು ತಗಡಿಗೆ ಪೂರ್ತಿ ಅಂಟಿಸುವುದಿಲ್ಲ. ಬಟ್ಟೆಯ ಹಿಂಬದಿಗೆ ಅಡ್ಡಡ್ಡ ಪಟ್ಟಿ ಹೊಲಿದು, ಪರದೆಗೆ ತೂರಿಸುವ ಹಾಗೆ ಕಬ್ಬಿಣದ ಕಂಬಿ ತೂರಿಸುತ್ತಾರೆ. ಬಿಲ್ಲಿನ ಹಾಗೆ ಬಾಗಿದ ಐದು ಕಂಬಿ. ಅವುಗಳ ತುದಿಗಳು ಟಾಪಿನ ಎರಡೂ ಬದಿಯ ತೂತುಗಳಲ್ಲಿ ಕೂರುತ್ತವೆ. ಅಂಚಿಗೆ ಮಾತ್ರ ಗಮ್ಮು. ಒಂದೊಂದು ಕಂಬಿಯ ಬಾಗು ಒಂದೊಂದು ಥರ. ಅದಲುಬದಲಾದರೆ ಬಟ್ಟೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸುಕ್ಕಾಗುತ್ತದೆ.

ಮಗಳು ಬಿಚ್ಚುವಾಗ ಪ್ರತಿ ಕಂಬಿಗೂ ನಂಬರ್ ಹಾಕಿದಳು. ಹಾಕಿದ್ದು ದರ್ಜಿ ಸೀಮೆಸುಣ್ಣದಲ್ಲಿ. ಇಷ್ಟು ದಿನ ಬಟ್ಟೆಗೆ ಗುರುತು ಹಾಕಿದ ಕೈ, ಕಬ್ಬಿಣ ಕಂಡಾಗಲೂ ಅದನ್ನೇ ಎತ್ತಿಕೊಂಡಿತು. ಅವಳು ಬಟ್ಟೆ ಕತ್ತರಿಸಲು ಒಳಗೆ ಹೋದಳು. ತುಕ್ಕು ಎಂದರೆ ಸುಮ್ಮನಿರಲಾಗದ ಅಪ್ಪ ಐದನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಎಮರಿ ಪೇಪರಿನಲ್ಲಿ ಉಜ್ಜಿ ಪಳಪಳ ಮಾಡಿಟ್ಟ.

ನಂಬರ್ ಎಲ್ಲಿ ಎಂದು ಮಗಳು ಕೇಳಿದಳು. ಯಾವ ನಂಬರ್ ಎಂದು ಅಪ್ಪ ಕೇಳಿದ.

ಕಪ್ಪು ಕಬ್ಬಿಣದ ಮೇಲೆ ಬೆರಳುದ್ದದ ಬಿಳಿ ಅಂಕಿಗಳಿದ್ದವು.

"ನಂಬರ್ ಯಾಕಮ್ಮ ಬೇಕು? ಇಷ್ಟು ವರ್ಷ ಇದರಡೀಲೇ ಕೂತಿದೀನಿ. ತಗೋ, ನಾನೇ ಜೋಡಿಸಿ ಕೊಡ್ತೀನಿ."

ಮುಂದಿನಿಂದ ಹಿಂದಕ್ಕೆ, ಐದನ್ನೂ ನೆಲದ ಮೇಲೆ ಸಾಲಾಗಿ ಇಟ್ಟ.

೪

ಎರಡನೆಯದೂ ಮೂರನೆಯದೂ ಅದಲುಬದಲಾಗಿದ್ದವು. ಬಾಗಿನಲ್ಲಿ ಎರಡು ಬೆರಳಿನಷ್ಟು ವ್ಯತ್ಯಾಸ. ಬಾಗಿಲಲ್ಲಿ ನಿಂತವರಿಗೂ ಕಾಣುವಂಥದ್ದು. ಅಪ್ಪ ಅವುಗಳ ಎದುರೇ ಕುಕ್ಕರುಗಾಲಲ್ಲಿ ಕೂತಿದ್ದ. ಅವನು ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಮಗಳು ಎರಡನ್ನೂ ಎತ್ತಿ ಸರಿಯಾದ ಜಾಗಕ್ಕೆ ಇಟ್ಟು, ಕತ್ತರಿ ಹುಡುಕುತ್ತಿರುವವಳ ಹಾಗೆ ನಿಂತಳು.

(ಇಲ್ಲಿ ಅವಳ ಕಣ್ಣಲ್ಲಿ ನೀರು ಬಂತು ಎಂದು ಬರೆದಿದ್ದೆ. ಹೊಡೆದು ಹಾಕಿದೆ. ಸೀಮೆಎಣ್ಣೆ ವಾಸನೆಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ.)

೫

ಲೈನಿಂಗು ಚೆನ್ನಾಗಿ ಕೂತಿತು. ನಡುವಿನ ಕಂಬಿಯಿಂದ ಶುರು ಮಾಡಿ ಹಿಂದಕ್ಕೂ ಮುಂದಕ್ಕೂ ಎಳೆದು, ಅಂಚಿಗೆ ಗಮ್ಮು ಹಚ್ಚಿ, ಅದು ಬೆರಳಿಗೆ ಹತ್ತದಷ್ಟು ಒಣಗುವ ತನಕ ಕಾದು, ಒತ್ತಿ ಕ್ಲಿಪ್ ಹಾಕಿದಳು. ಬೂದು ಬಣ್ಣ. ಎಲ್ಲೂ ಒಂದು ಸುಕ್ಕಿಲ್ಲ. ಅಪ್ಪ ಸ್ಟೇರಿಂಗಿನ ಹಿಂದೆ ಕೂತು ಅಂಗೈಯಿಂದ ಮೇಲೆ ಸವರಿದ.

"ನೋಡಿದ್ಯಾ? ಯಾರು ಜೋಡಿಸಿದ್ದು? ಕಣ್ಣು ಕಾಣದವನು ಮಾಡೋ ಕೆಲಸಾನಾ ಇದು? ಕೊಡಿಲ್ಲಿ ಕೀಲಿ. ನಾಳೆಯಿಂದ ಮಗೂನ ನಾನೇ ಸ್ಕೂಲಿಗೆ ಬಿಡ್ತೀನಿ."

ಮಗಳು ನೇರ, ಕಥೆ ಬರೆಯುತ್ತಿದ್ದ ನನ್ನ ಹತ್ತಿರ ಬಂದಳು.

"ನಾಲ್ಕನೇ ಭಾಗ ತೆಗೀರಿ" ಎಂದಳು. ಅವನು ಇಟ್ಟ ಹಾಗೇ ತೂರಿಸ್ತೀನಿ, ಸುಕ್ಕು ಬೀಳಲಿ, ಹೇಳಬೇಕಾದ್ದನ್ನು ಆ ಸುಕ್ಕೇ ಹೇಳಲಿ ಎಂಬುದು ಅವಳ ಬೇಡಿಕೆ. ಓದುಗರು ಆಗಲೇ ಓದಿಬಿಟ್ಟಿದ್ದಾರೆ ಎಂದೆ. ಅಲ್ಲದೆ, ಸುಕ್ಕು ಬಿದ್ದ ಕೆಲಸ ನಿಮ್ಮ ಕೈಯಿಂದ ಆಗುತ್ತಾ ಎಂದು ಕೇಳಿದೆ. ಅದಕ್ಕೆ ಏಪ್ರನ್ನಿನ ಅಂಚು ನೀವಿ ಸುಕ್ಕು ತೆಗೆದಳು. ಆಮೇಲೆ, ಹಾಗಾದರೆ ನೀವೇ ಅವನಿಗೆ ಹೇಳಿ ಎಂದಳು.

"ನಾನ್ಯಾಕೆ? ನಿಮ್ಮಪ್ಪ ಅಲ್ವಾ."

"ನಮ್ಮಪ್ಪ ಅಂತಾನೇ ಹೇಳೋಕಾಗ್ತಿಲ್ಲ. ನಿಮಗೇನು, ಬರೆದು ಮುಗಿಸಿ ಊಟಕ್ಕೆ ಹೋಗ್ತೀರಿ."

(ಹೋಗುತ್ತೇನೆ. ತಡವಾದರೆ ಹಾಸ್ಟೆಲ್ ಮೆಸ್ಸು ಮುಚ್ಚುತ್ತದೆ.)

೬

ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ ಎನ್ನುವ ಮೊದಲು ಅವುಗಳ ಗತಿ ಏನಾಯಿತು ಎಂದು ಹೇಳಿಬಿಡುತ್ತೇನೆ.

ಒಂದು: ಮಗಳು ಕೀಲಿ ಕೊಡುತ್ತಾಳೆ. ಮಾರನೆಯ ಬೆಳಗ್ಗೆ ಮೊಮ್ಮಗಳು ಬ್ಯಾಗು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಜೀಪು ಗೇಟು ದಾಟುತ್ತದೆ. ಮುಂದಿನ ವಾಕ್ಯ ಬರೆಯಲು ನನಗೇ ಧೈರ್ಯ ಬರಲಿಲ್ಲ.

ಎರಡು: ಅಪ್ಪ ತಾನಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾನೆ, ಆಪರೇಷನ್ ಆಗುತ್ತದೆ, ಎಲ್ಲ ಸರಿಹೋಗುತ್ತದೆ. ಇದನ್ನು ಅಪ್ಪನೇ ತಿರಸ್ಕರಿಸಿದ. ನಾನು ಅಷ್ಟು ಒಳ್ಳೆಯವನಲ್ಲ ಕಣಪ್ಪಾ ಎಂದ.

ಮೂರು: ಜೀಪು ಮಾರಿಬಿಡುತ್ತಾರೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ಹರಿಹಾಯ್ದರು. ಈ ಕಥೆಯಲ್ಲಿ ಅವರಿಬ್ಬರೂ ಒಪ್ಪಿದ್ದು ಇದೊಂದೇ ವಿಷಯ.

೭

ಆರನೇ ಭಾಗಕ್ಕೆ ನಿಲ್ಲಿಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಬಂದು ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡ. ಅವಳು ಏನೋ ತೆಗೀರಿ ಅಂತಿದ್ದಳಲ್ಲ, ಏನದು ಎಂದ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದ. ಕಿಟಕಿಯ ಬೆಳಕಿಗೆ ತಿರುಗಿಸಿದ. ಓರೆ ಮಾಡಿದ. ನನ್ನ ಅಕ್ಷರ ಚೆನ್ನಾಗಿಲ್ಲ ಎಂದು ನಾನೇ ಹೇಳಿದೆ. (ಅದು ಪ್ರಿಂಟ್ ತೆಗೆದ ಹಾಳೆ.)

"ಹೌದು, ತುಂಬ ಕೆಟ್ಟದಾಗಿದೆ. ನೀನೇ ಓದು."

ಓದಿದೆ. ಮೊದಲ ಭಾಗ, ಎರಡನೆಯದು, ಮೂರನೆಯದು. ತಾನು ಕಂಬಿ ಉಜ್ಜಿದ ಕಡೆ ನಕ್ಕ. ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು, ಕೈ ಏಪ್ರನ್ ಜೇಬಿನೊಳಗಿತ್ತು. ನಾನು ಉಸಿರೆಳೆದುಕೊಂಡು, ಲೈನಿಂಗು ಚೆನ್ನಾಗಿ ಕೂತಿತು ಎಂದು ಮುಂದುವರಿಸಿದೆ.

ಅಪ್ಪ ಕೈ ಎತ್ತಿ ತಡೆದ.

"ಮಧ್ಯೆ ಒಂದು ಬಿಟ್ಟೆ."

ನಾನು ಹಾಳೆ ಮಗುಚುವ ನಾಟಕ ಮಾಡಿದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲ ಕಡೆ ಚಾಚಿದ.

"ನೀನು ಬೇಡ. ಅವಳೇ ಓದಲಿ."

ಮಗಳು ಜೇಬಿನಿಂದ ಕೈ ತೆಗೆದಳು. ಹಾಳೆ ತೆಗೆದುಕೊಳ್ಳುವುದಕ್ಕೋ ಕೀಲಿ ಕೊಡುವುದಕ್ಕೋ, ನೋಡಲು ನಾನು ನಿಲ್ಲಲಿಲ್ಲ. ಮೆಸ್ಸು ಮುಚ್ಚುವ ಹೊತ್ತಾಗಿತ್ತು.