ಎರಡೂ ಎಡಗೈ ತೋಳು

ಏಳನೇ ಮೆಟ್ಟಿಲಲ್ಲಿ ನಿಂತು ಅವಳು ಓರಗಿತ್ತಿಯ ಭುಜ ಹಿಡಿದುಕೊಂಡಳು. ಟೈಲರ್ ಅಂಗಡಿಗೆ ಇರುವುದು ಹದಿನಾಲ್ಕೇ ಮೆಟ್ಟಿಲು. ಆದರೆ ಕೊರೊನಾ ಬಂದು ಹೋದ ಈ ಎರಡು ವರ್ಷದಲ್ಲಿ ಯಾರೋ ದಿನಕ್ಕೆ ನಾಲ್ಕು ಮೆಟ್ಟಿಲು ಸೇರಿಸಿ ಹೋಗುತ್ತಿದ್ದಾರೆ ಎಂದು ಅವಳ ಅನುಮಾನ. ಎದೆಯೊಳಗೆ ಹತ್ತು ಮಿಷಿನ್ನು ಒಟ್ಟಿಗೆ ಓಡುತ್ತಿದ್ದವು.

"ನಿಧಾನ ಅಕ್ಕ, ಅಂಗಡಿ ಎಲ್ಲಿಗೂ ಓಡಿಹೋಗಲ್ಲ," ಎಂದಳು ಓರಗಿತ್ತಿ.

ಇಬ್ಬರೂ ಒಂದೇ ಮನೆಯ ಸೊಸೆಯರು. ಹಿರಿಯಳು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬಟ್ಟೆ ಕಟಿಂಗ್ ಮಾಡುವವಳು. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಅವಳ ನಾಲಿಗೆಯ ತುದಿಯಲ್ಲಿತ್ತು, ಹೆಂಡತಿಯರಿಗೂ ಅಷ್ಟು ಗೊತ್ತಿರಲಿಲ್ಲ. ಕಿರಿಯಳನ್ನು ಗುಂಡಿಗೆ ಕಾಜಾ ಹೊಲಿಯಲು ಕರೆತಂದು ಸೇರಿಸಿದವಳೂ ಅವಳೇ.

ಹಿರಿಯಳಿಗೆ ಜ್ವರ ಹನ್ನೆರಡು ದಿನಕ್ಕೆ ಬಿಟ್ಟಿತ್ತು. ಸುಸ್ತು ಮಾತ್ರ ಹಾಸಿಗೆ ಬಿಚ್ಚಿದ ನೆಂಟನ ಹಾಗೆ ಏಳಲೇ ಇಲ್ಲ. ಡಾಕ್ಟರು ರಿಪೋರ್ಟ್ ನೋಡಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದ್ದರು. ರಿಪೋರ್ಟು ಗಟ್ಟಿಮುಟ್ಟಾಗಿತ್ತು, ಅದನ್ನು ಹಿಡಿದುಕೊಂಡವಳು ಮಾತ್ರ ತೂರಾಡುತ್ತಿದ್ದಳು.

ಹೋದ ತಿಂಗಳು ಒಂದು ಮದುವೆ ಕೋಟು ಕತ್ತರಿಸುವಾಗ ತಲೆಯೊಳಗೆ ಮಂಜು ಕವಿಯಿತು. ಒಂದು ತೋಳು ಕತ್ತರಿಸಿದ ಮೇಲೆ ಅಳತೆ ಕಾಗದವನ್ನು ಮಗುಚಿ ಇಡಬೇಕು. ಅವಳು ಮಗುಚಲಿಲ್ಲ. ಎರಡೂ ಎಡಗೈ ತೋಳೇ ಆದವು. ಓರಗಿತ್ತಿ ಉಳಿದ ಬಟ್ಟೆ ಹುಡುಕಿ ತಂದು ಯಾರಿಗೂ ತಿಳಿಯದಂತೆ ಹೊಸ ಜೋಡಿ ತೋಳು ಮಾಡಿ ಸರಿಪಡಿಸಿದಳು. ಆವತ್ತು ಹಿರಿಯಳು ಗಂಡನಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದಳು: ಕತ್ತರಿಸುತ್ತಾ ಇರುವಾಗಲೇ ಏನು ಕತ್ತರಿಸುತ್ತಿದ್ದೇನೆ ಅನ್ನೋದೇ ಮರೆತುಹೋಗುತ್ತದೆ ಎಂದು.

"ನಾನಿರುವಾಗ ನಿಂಗ್ಯಾಕೆ ಭಯ?" ಎಂದಿದ್ದಳು ಕಿರಿಯಳು. "ಈ ತೋಳೆರಡೂ ಮನೆಗೆ ಒಯ್ದು ಒಲೆಗೆ ಹಾಕ್ತೀನಿ."

ಇವತ್ತು ಮೇಲೆ ಬಂದು ಹಿರಿಯಳು ತನ್ನ ಕತ್ತರಿ ತೆಗೆದುಕೊಂಡಳು. ಕಟಿಂಗ್ ಮಾಡುವವರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಿಡಿಗೆ ಸುತ್ತಿದ ಬಟ್ಟೆಯ ಪಟ್ಟಿ ಅವರವರ ಹೆಬ್ಬೆರಳಿನ ಅಳತೆಯದು. ಅವಳ ಹೆಬ್ಬೆರಳು ಒಳಗೆ ಹೋಗಲಿಲ್ಲ. ಅವಳ ಹಳೆಯ ಪಟ್ಟಿ ಮಾಯವಾಗಿತ್ತು, ಹೊಸ ಕೆಂಪು ಪಟ್ಟಿಯನ್ನು ಯಾರೋ ದಪ್ಪಗೆ, ಇನ್ನೂ ಸಣ್ಣ ಹೆಬ್ಬೆರಳಿಗೆ ಸರಿಯಾಗಿ ಸುತ್ತಿದ್ದರು.

ಓರಗಿತ್ತಿ ದಾರ ಪೋಣಿಸಿದ್ದ ಸೂಜಿಗೇ ಮತ್ತೆ ದಾರ ಪೋಣಿಸುತ್ತಿದ್ದಳು.

ಅಂಗಡಿಯ ಮಾಲೀಕರಾದ ಮಾಸ್ಟರ್ ಕೆಮ್ಮಿದರು. ಅವರಿಗಿಂತ ಮೊದಲು ಅವರ ಹೊಟ್ಟೆ ಮೇಜಿನ ಹತ್ತಿರ ಬಂತು. ಡ್ರಾಯರಿನಿಂದ ಎರಡು ತೋಳು ತೆಗೆದು ಪಕ್ಕಪಕ್ಕ ಹಾಸಿದರು. ಎರಡೂ ಎಡಗೈಯವು. ಇಸ್ತ್ರಿ ಬೇರೆ ಆಗಿತ್ತು. ಬಟ್ಟೆಯ ಮೂಲೆಯಲ್ಲಿ ಸಣ್ಣ ಕಂದು ಕಲೆ. ಅದು ಈ ಸೊಸೆಯರಿಬ್ಬರ ಮನೆಯ ಇಸ್ತ್ರಿಪೆಟ್ಟಿಗೆಯದೇ, ಮನೆಯಲ್ಲಿ ಎಲ್ಲರ ಬಟ್ಟೆಗೂ ಅದು ಹಾಗೇ ಮುದ್ರೆ ಒತ್ತುತ್ತದೆ.

"ನಾನು ಬೈತಾ ಇಲ್ಲಮ್ಮ," ಎಂದರು ಮಾಸ್ಟರ್. "ಇನ್ಮೇಲೆ ನೀವು ಕೂತ್ಕೊಂಡು ಕಾಜಾ ಹೊಲೀರಿ. ಕಟಿಂಗ್ ಇವಳು ನೋಡ್ಕೋತಾಳೆ."

ಹಿರಿಯಳು ಮಾಸ್ಟರ್ ಕಡೆ ನೋಡಲೇ ಇಲ್ಲ. "ಒಲೆಗೆ ಹಾಕ್ತೀನಿ ಅಂದಿದ್ದೆ," ಎಂದಳು ಓರಗಿತ್ತಿಗೆ.

"ನಿನ್ನ ಒಳ್ಳೇದಕ್ಕೇ ಅಕ್ಕ. ಕತ್ತರಿ ಕೈಲಿದ್ದಾಗಲೇ ಬಿದ್ಬಿಟ್ರೆ?"

"ಇಸ್ತ್ರಿ ಹಾಕಿದ್ದೂ ನನ್ನ ಒಳ್ಳೇದಕ್ಕೇನಾ?"

ಓರಗಿತ್ತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಸ್ಟೂಲಿನಿಂದ ಎದ್ದು ಕಟಿಂಗ್ ಮೇಜಿನ ಹತ್ತಿರ ಬಂದಳು. ಹಿರಿಯಳು ಅಷ್ಟು ಹೊತ್ತು ನಿಂತಿದ್ದೇ ಹೆಚ್ಚು. ಜಗಳ ಆಡಲಿಕ್ಕಾದರೂ ನಿಲ್ಲಬೇಕಲ್ಲ. ಹೋಗಿ ಕಿರಿಯಳ ಸ್ಟೂಲಿನ ಮೇಲೆ ಕೂತಳು. ಸ್ಟೂಲು ಇನ್ನೂ ಬೆಚ್ಚಗಿತ್ತು.

ದಿನವಿಡೀ ಬೆನ್ನ ಹಿಂದೆ ತನ್ನ ಕತ್ತರಿಯ ಸದ್ದು ಕೇಳಿದಳು. ಓರಗಿತ್ತಿಯ ಕೈ ಚೆನ್ನಾಗಿಯೇ ಪಳಗಿತ್ತು, ಅದು ಒಂದು ವಾರದ ಅಭ್ಯಾಸವಲ್ಲ. ಸಂಜೆ ಚೂರುಬಟ್ಟೆಯ ಬುಟ್ಟಿಯಲ್ಲಿ ಹಳೆಯ ಪಟ್ಟಿ ಸಿಕ್ಕಿತು. ಬಿಚ್ಚಿ ಎಸೆದಿದ್ದರೂ ಅದು ಇನ್ನೂ ಬಳೆಯ ಹಾಗೆ ಸುರುಳಿಯಾಗಿಯೇ ಇತ್ತು. ಹೆಬ್ಬೆರಳಿಗೆ ಹಾಕಿಕೊಂಡಳು.

ಇಳಿಯುವಾಗ ಓರಗಿತ್ತಿ ಎಂದಿನಂತೆ ಏಳನೇ ಮೆಟ್ಟಿಲಲ್ಲಿ ನಿಂತು, ಭುಜವನ್ನು ಸ್ವಲ್ಪ ಬಗ್ಗಿಸಿ ಕಾದಳು. ಹಿರಿಯಳು ಗೋಡೆಗೆ ಅಂಗೈ ಒತ್ತಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಅವಳನ್ನು ದಾಟಿ ಇಳಿದಳು. ಸುಣ್ಣದ ಗೋಡೆಯ ಮೇಲೆ ಪಟ್ಟಿ ಸುತ್ತಿದ ಹೆಬ್ಬೆರಳು ಕೆಳಗಿನ ತನಕ ಗೆರೆ ಎಳೆದುಕೊಂಡು ಹೋಯಿತು.