ಹನ್ನೊಂದನೇ ರೊಟ್ಟಿಗೆ ಅತ್ತ ಬೀಗ

ಹೊನವಾಡದ ಗುರುಸಿದ್ದವ್ವ ಸಾಕ್ಷ್ಯಚಿತ್ರದವರ ಮುಂದೆ ಒಂದು ತಾಸು ಮಾತಾಡಿದ್ದಳು. ತಾನು ದುಡಿಯುವ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣಿಗೆ ಬಣ್ಣ ಬರಲೆಂದು ಹಾಕುವ ಗಂಧಕದ ಹೊಗೆ, ಅದನ್ನು ಕುಡಿದು ಸೊಸೆ ರಾಜೇಶ್ವರಿಗೆ ಹತ್ತಿದ ಕೆಮ್ಮು, ಒಂದು ಮಾಸ್ಕನ್ನೂ ಕೊಡದ ಮಾಲೀಕ ಸಂಗನಬಸವ, ಯಾವುದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋದರೆ ಹೋಗಲಿ ಎಂದೇ ಹೇಳಿದ್ದಳು.

ದಿಲ್ಲಿಯ ನಿರ್ದೇಶಕಿ ಶಾಂಭವಿಗೆ ಅದು ಸಾಲಲಿಲ್ಲ. ಮನೆ ಮುಂದೆಯೇ ನಳವಿದ್ದರೂ ಮುದುಕಿಯ ತಲೆಗೆ ಖಾಲಿ ಕೊಡ ಹೊರಿಸಿ ಬಿಸಿಲಲ್ಲಿ ಮೂರು ಸಲ ನಡೆಸಿದಳು. ಆಮೇಲೆ ತನ್ನ ಅರೆಬರೆ ಕನ್ನಡದಲ್ಲಿ, "ಅಜ್ಜಿ, ದುಃಖದ ಹಾಡು ಹಾಡಿ," ಎಂದಳು. ಗುರುಸಿದ್ದವ್ವನಿಗೆ ಮೈಯೆಲ್ಲ ಉರಿಯಿತು. ಮದುವೆಯಲ್ಲಿ ಬೀಗರ ಮಾನ ಕಳೆಯುವ ಹಾಡನ್ನೇ ಎಳೆದೆಳೆದು ಹಾಡಿಬಿಟ್ಟಳು:

"ಹತ್ತು ರೊಟ್ಟಿ ತಿಂದಾನ ಬೀಗ, ಹನ್ನೊಂದಕ್ಕ ಅಳತಾನ..."

ಶಾಂಭವಿ ಕಣ್ಣೊರೆಸಿಕೊಂಡಳು. ಹೆಡ್ಡತನಕ್ಕೂ ಒಂದು ಮಿತಿ ಬೇಡವೇ!

ವರ್ಷದ ಮೇಲೆ ಆ ಚಿತ್ರ ದೇಶದೇಶ ಸುತ್ತಿ, ಬಹುಮಾನ ಹೊತ್ತು, ವಿಜಯಪುರದ ಸ್ಟೇಷನ್ ರಸ್ತೆಯ ಸಭಾಭವನಕ್ಕೆ ಬಂತು. ಶೆಡ್ಡಿನ ಹೆಂಗಸರೆಲ್ಲ ಬಸ್ಸು ಹತ್ತಿ ಹೋದರು. ತೆರೆಯ ಮೇಲೆ ಬಿರಿದ ಕೆರೆ, ಖಾಲಿ ಕೊಡ. ಹಿನ್ನೆಲೆಯಲ್ಲಿ ರೊಟ್ಟಿ ತಿಂದ ಬೀಗ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗುರುಸಿದ್ದವ್ವ ನಗಲಿಲ್ಲ, ತನ್ನ ಮಾತಿಗೆ ಕಾದಳು. ಹೊಗೆಯೂ ಬರಲಿಲ್ಲ, ಕೆಮ್ಮೂ ಬರಲಿಲ್ಲ.

ಚಿತ್ರ ಮುಗಿದು ದೀಪ ಹತ್ತಿದಾಗ ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತಿದ್ದವನು ಅದೇ ಸಂಗನಬಸವ. ಚಿತ್ರದವರಿಗೆ ತಿಂಗಳಿಡೀ ಊಟ, ಗಾಡಿ ಕೊಟ್ಟ ಮಹಾನುಭಾವ ಎಂದು ಶಾಂಭವಿ ಕೊಂಡಾಡಿದಳು. ಉಂಡ ಮನೆಯ ಜಂತಿ ಎಣಿಸಬಾರದೆಂದು ದಿಲ್ಲಿಯವರಿಗೂ ಗೊತ್ತು.

"ಅಜ್ಜಿ, ಆ ದುಃಖದ ಹಾಡು ಇನ್ನೊಮ್ಮೆ," ಎಂದು ಮುದುಕಿಯನ್ನು ಮೇಲೆ ಕರೆದು ಮೈಕು ಕೊಟ್ಟಳು.

ಗುರುಸಿದ್ದವ್ವ ಸಂಗನಬಸವನ ಎದುರಿಗೇ ನಿಂತಳು. ಬೀಗರ ಹಾಡಿಗೆ ಯಾರೂ ಸಿಟ್ಟಾಗುವಂತಿಲ್ಲ. ಕೇಳಿದ್ದು ಕೊಡುವವರೆಗೆ ಹಾಡುವವರೂ ಬಿಡುವುದಿಲ್ಲ. ಅದು ಪದ್ಧತಿ.

"ಶಾಲು ಹೊದ್ದ ಸಂಗಣ್ಣ ಬೀಗ, ಗಂಧಕ ನಮಗ ಕುಡಿಸ್ಯಾನ,
ಮೂಗಿಗೊಂದು ಅರಿವಿ ಕೇಳಿದ್ರ ಮಾರಿ ತಿರುವಿ ನಡದಾನ!"

ಕೆಳಗಿದ್ದ ಹೆಂಗಸರು ದನಿಗೂಡಿಸಿದರು. ಐದು ಸಲ ಹಾಡಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಸಂಗನಬಸವ ಬೆವರೊರೆಸಿಕೊಂಡು ಎದ್ದು ಕೈಮುಗಿದ.

"ಸಾಕು ನಿಲ್ಲಸ ಬೇ ಯವ್ವಾ! ನಾಳಿಗೇ ಎಲ್ಲಾರಿಗೂ ಮಾಸ್ಕ್ ತರಸ್ತೇನಿ."

"ಇಷ್ಟು ಮಂದಿ ಕೇಳ್ಯಾರ್ರಿ, ಧಣಿ. ಮರೀಬ್ಯಾಡ್ರಿ," ಎಂದಳು ಗುರುಸಿದ್ದವ್ವ.

ಶಾಂಭವಿ ಮಿಕಿಮಿಕಿ ನೋಡುತ್ತಿದ್ದಳು. "ಯಾಕೆ ಎಲ್ಲರೂ ನಗ್ತಿದ್ದಾರೆ? ಇದು ದುಃಖದ ಹಾಡಲ್ವಾ, ಅಜ್ಜಿ?"

"ದುಃಖದ್ದ ಐತಿ, ತಂಗಿ. ಒಂದು ತಾಸು ಹೇಳಿದ್ರೂ ನಿನ್ನ ಕಿವಿಗಷ್ಟ ಬೀಳಲಿಲ್ಲ."

ಮೈಕನ್ನು ಅವಳ ಕೈಗೆ ತುರುಕಿ, ಬಸ್ಸಿಗೆ ಹೊತ್ತಾಯಿತೆಂದು ಮುದುಕಿ ಕೆಳಗಿಳಿದಳು.