ಬಂದೂಕಿನ ಪಾಲು

ಹಂದಿಯ ಮಾಂಸ ನಬಿಲಾಲನಿಗೆ ಹರಾಮು. ಹಾಗಿದ್ದೂ ಮಸೂತಿ ಊರಿನ ಸೀಮೆಯಲ್ಲಿ ಅವನಷ್ಟು ಕಾಡುಹಂದಿ ಹೊಡೆದವರು ಇನ್ನೊಬ್ಬರಿರಲಿಲ್ಲ. ಕಾಲುವೆಗೆ ನೀರು ಬಂದು ಊರ ಸುತ್ತ ಕಬ್ಬು ಎದ್ದ ಮೇಲೆ ಹಂದಿಗಳಿಗೆ ಸುಗ್ಗಿಯೋ ಸುಗ್ಗಿ. ಹಗಲೆಲ್ಲ ಕಬ್ಬಿನ ತಂಪಿನಲ್ಲಿ ಮಲಗಿ, ಹೊತ್ತು ಇಳಿದರೆ ಶೇಂಗಾ ಹೊಲಕ್ಕೆ ನುಗ್ಗಿ, ಬಿತ್ತಿದವನಿಗೆ ಬರೀ ಮಣ್ಣು ಉಳಿಸಿ ಹೋಗುತ್ತಿದ್ದವು. ಬೆಳೆ ಕಾಯಲೆಂದು ಅಪ್ಪ ಲೈಸೆನ್ಸ್ ಮಾಡಿಸಿಟ್ಟ ಒಂಟಿ ನಳಿಗೆಯ ಬಂದೂಕು ನಬಿಲಾಲನ ಪಾಲಿಗೆ ಬಂದಿತ್ತು. ಅದಕ್ಕೆ ಜೋಡಿ ಎಂದರೆ ಸೋಮನಿಂಗನ ಬಲೆ.

ಸೋಮನಿಂಗ ಪುಂಡಿನಾರು ಹೊಸೆದು ತಾನೇ ಹೆಣೆದ ಬಲೆ ಅದು. ಬೇಟೆಯ ದಿನ ಮಂದಿ ಒಂದು ಕಡೆಯಿಂದ ತಗಡು ಬಾರಿಸುತ್ತ ಹಂದಿ ಎಬ್ಬಿಸುತ್ತಿದ್ದರು. ಇನ್ನೊಂದು ತುದಿಯಲ್ಲಿ ಸೋಮನಿಂಗ ಬಲೆ ಒಡ್ಡಿ, ಹಗ್ಗ ಹಿಡಿದು ಕೂಡುತ್ತಿದ್ದ. ಅವನ ಬೆನ್ನಿಗೆ ನಬಿಲಾಲ ಬಂದೂಕು ಹಿಡಿದು ನಿಲ್ಲುತ್ತಿದ್ದ. ಬಲೆಗೆ ಬಿದ್ದ ಹಂದಿ ಹೊರಳಿ ಏಳುವುದರೊಳಗೆ ಒಂದೇ ಗುಂಡು, ಕೆಲಸ ಮುಗಿಯಿತು. ಮೀಸೆ ಚಿಗುರಿದಾಗಿನಿಂದ ಗಡ್ಡ ನೆರೆಯುವ ತನಕ ಇಬ್ಬರೂ ಹೀಗೇ ಹಿಂದೆಮುಂದೆ ನಿಂತವರು.

ಬೇಟೆ ಮುಗಿದರೆ ಹುಣಸೆ ಮರದ ಕೆಳಗೆ ಪಾಲು. ಬಲೆಗೆ ಒಂದು ತೊಡೆ, ಬಂದೂಕಿಗೆ ಒಂದು ತೊಡೆ, ಈಟಿಯಂಥ ಭರ್ಚಿ ಎಸೆದವನಿಗೆ ತಲೆ, ಉಳಿದದ್ದು ಎಬ್ಬಿಸಿದವರಿಗೆಲ್ಲ ಸರಿಸಮ. ಬಂದೂಕಿನ ತೊಡೆಯೂ ಸೋಮನಿಂಗನ ಮನೆಗೇ ಹೋಗುತ್ತಿತ್ತು. ಅದರ ಬದಲಿಗೆ ಮರುದಿನ ಮುಂಜಾನೆ ಅವನ ಹೆಂಡತಿ ಚಂದವ್ವ ತಾನು ಸಾಕಿದ ಒಂದು ಕೋಳಿಯ ಕಾಲು ಕಟ್ಟಿ ನಬಿಲಾಲನ ಮನೆಗೆ ಕಳಿಸುತ್ತಿದ್ದಳು. ಜೀವಂತ ಕಳಿಸುತ್ತಿದ್ದಳು, ಕೊಯ್ಯುವುದನ್ನು ಅವರು ತಮ್ಮ ಪದ್ಧತಿಯಂತೆ ಕೊಯ್ದುಕೊಳ್ಳಲಿ ಎಂದು. “ಬಂದೂಕಿನ ಪಾಲು ಬಂತ ನೋಡ್ರಿ” ಎಂದು ಹೇಳಿ ನಬಿಲಾಲನ ಹೆಂಡತಿ ಇಮಾಮಬಿ ಮಸಾಲೆ ಅರೆಯಲು ಕೂತುಬಿಡುತ್ತಿದ್ದಳು.

ಈ ವರ್ಷ ಹಂದಿಯ ಕಾಟ ಹೇಳತೀರದಾಯಿತು. ಊರವರು ಅಲೆದಾಡಿ ಅರ್ಜಿ ಕೊಟ್ಟ ಮೇಲೆ ಅರಣ್ಯ ಇಲಾಖೆಯವರು ಒಂಬತ್ತು ತಗಡಿನ ಬಿಲ್ಲೆ ಕೊಟ್ಟು ಕೈತೊಳೆದುಕೊಂಡರು. ಹೊಡೆದ ಪ್ರತಿ ಹಂದಿಯ ಕಿವಿಗೂ ಒಂದು ಬಿಲ್ಲೆ ಕಟ್ಟಬೇಕು, ಬಿಲ್ಲೆ ಮುಗಿದರೆ ಬೇಟೆ ಮುಗಿಯಿತು. ಬಂದೂಕಿಗೆಷ್ಟು, ಬಲೆಗೆಷ್ಟು, ಭರ್ಚಿಗೆಷ್ಟು ಎಂಬುದನ್ನು ನೀವು ನೀವೇ ಕೂತು ಬಗೆಹರಿಸಿಕೊಳ್ಳಿ ಎಂದರು. ಜಗಳ ಹಚ್ಚುವುದಕ್ಕೆ ಇಷ್ಟು ಸಾಕಲ್ಲ!

ಹಿರಿಯ ಗುರಪ್ಪನ ಕಟ್ಟೆಯ ಮೇಲೆ ಊರು ಕೂಡಿತು. ಮೊದಲು ಬಾಯಿ ಬಿಟ್ಟವನು ಅನೀಲಕುಮಾರ. ಹೋದ ವರ್ಷವಷ್ಟೇ ಜೋಡಿ ನಳಿಗೆಯ ಬಂದೂಕು ತಂದವನು, ಬಂದೂಕಿಗಿಂತ ಅವನ ಬಾಯೇ ಜೋರು.

“ಒಂಬತ್ತೂ ಬಂದೂಕಿಗೇ ಇರ್ಲಿರಿ. ಈಗಿನ ಕಾಲದಾಗ ಬಲಿ ಹಾಕೂದು, ಭರ್ಚಿ ಒಗಿಯೂದು ಅಂದ್ರ ಮಂದಿ ನಗ್ತಾರ.”

ಸೋಮನಿಂಗ ಕೂತಲ್ಲಿಂದಲೇ ಹೇಳಿದ: “ನಿಮ್ಮ ಗುಂಡಿನ ಸಪ್ಪಳಕ್ಕ ಅರ್ಧ ಹಂದಿ ಸೀಮಿ ದಾಟತಾವು. ಬಲಿಗಿ ಬಿದ್ದದ್ದಕ್ಕೂ ನೀವ ಗುಂಡ ಹಾಕಿ, ನಂದು ಅಂತೀರಿ. ಹ್ವಾದ ವರ್ಷ ಹಂಗ ಮಾಡ್ಲಿಲ್ಲೇನ್ರಿ?”

ಮಾಡಿದ್ದು ನಿಜ. ಅನೀಲಕುಮಾರ ಮುಖ ಆ ಕಡೆ ಮಾಡಿದ. ಆಗ ನಬಿಲಾಲ ಎದ್ದು ನಿಂತ.

“ನಾನೂ ಬಂದೂಕಿನಾಂವನ. ಆದ್ರೂ ನ್ಯಾಯ ಹೇಳ್ತೇನಿ, ಕೇಳ್ರಿ. ಬಂದೂಕಿಗೆ ನಾಕು, ಬಲಿಗೆ ನಾಕು, ಭರ್ಚಿಗೆ ಒಂದು. ಬಂದೂಕಿನ ದಿನಾ ಬ್ಯಾರೆ, ಬಲಿ ದಿನಾ ಬ್ಯಾರೆ. ಬಲಿ ಹಾಕೂ ದಿನಾ ಯಾವ ಬಂದೂಕೂ ಮನಿ ಹೊಸ್ತಲಾ ದಾಟಬಾರದು. ನಂದೂ ಸೈತ.”

ಕಟ್ಟೆ ಭೇಷ್ ಅಂದಿತು. ಗುರಪ್ಪ ಹಾಗೇ ಆಗಲಿ ಎಂದ. ಮನೆಗೆ ಹೋಗುವಾಗ ಸೋಮನಿಂಗ ಗೆಳೆಯನ ಹೆಗಲ ಮೇಲೆ ಕೈ ಹಾಕಿದ.

“ನಿನಗ್ಯಾಕ ಬೇಕಾಗಿತ್ತೋ, ನನ್ನ ಸಲುವಾಗಿ ಮಂದಿ ಕೂಡ ವೈರ?”

“ನ್ಯಾಯ ನ್ಯಾಯನ ಅಲ್ಲೇನೋ” ಎಂದ ನಬಿಲಾಲ. ನ್ಯಾಯ ಹೇಳಿ ಬಂದವನ ನಡಿಗೆಯಲ್ಲಿ ಒಂದಿಷ್ಟು ಠೀವಿ ಇರುವುದು ಸಹಜ, ಅದಕ್ಕಾಗಿ ಅವನನ್ನು ಬೈಯುವುದು ಬೇಡ. ಆದರೆ ಬಲೆಯ ದಿನ ಸೋಮನಿಂಗನ ಬೆನ್ನಿಗೆ ನಿಲ್ಲುವವರು ಯಾರು ಎಂದು ಅವನಿಗೂ ಹೊಳೆಯಲಿಲ್ಲ, ಊರಿಗೂ ಹೊಳೆಯಲಿಲ್ಲ. ಜಗಳವೆಲ್ಲ ಹಂದಿ ಯಾರದೆಂಬುದರ ಮೇಲೆಯೇ ನಡೆದಿತ್ತು. ಬಲೆಗೆ ಬಿದ್ದ ಹಂದಿಗೆ ಹಾಕುವ ಗುಂಡು ಬಲೆಯವನ ಜೀವ ಕಾಯುವ ಗುಂಡೂ ಹೌದೆಂಬುದನ್ನು ಎಲ್ಲರೂ ಮರೆತಿದ್ದರು.

ಮೊದಲನೆಯ ಬಲೆಯ ದಿನ ನಬಿಲಾಲ ಬಂದೂಕನ್ನು ಗೂಟಕ್ಕೆ ತೂಗುಹಾಕಿ ಜಗಲಿಯ ಮೇಲೆ ಕೂತ. ಕಾಲುವೆಯ ಕಡೆಯಿಂದ ತಗಡಿನ ಸಪ್ಪಳ ಕೇಳುತ್ತಿತ್ತು.

“ಸುಮ್ನ ಚಡಪಡಿಸಾಕತ್ತೀರಿ. ಹೋಗಿ ದೂರ ನಿಂತ ನೋಡ್ರಲ್ಲ” ಎಂದಳು ಇಮಾಮಬಿ.

“ಬರೇ ಕೈಲೆ ಹ್ವಾದ್ರ ನಿಲ್ಲಾಕ ಆಗಾಂಗಿಲ್ಲ. ಬಂದೂಕ ಒಯ್ದ್ರ ಕೊಟ್ಟ ಮಾತ ಹೋಗತೈತಿ.”

ತಗಡಿನ ಸಪ್ಪಳ ಒಮ್ಮೆಲೇ ನಿಂತಿತು. ಅದರ ಹಿಂದೆಯೇ ಮಂದಿ ಕೂಗುವುದು ಕೇಳಿಸಿತು. ಹಂದಿ ಬಿದ್ದಾಗ ಕೂಗುವ ಕೂಗು ಅದಲ್ಲವೆಂದು ನಬಿಲಾಲನಿಗೆ ಕೂಡಲೇ ತಿಳಿಯಿತು. ಒಳಗೆ ಓಡಿ ಬಂದೂಕು ತೆಗೆದುಕೊಂಡ. ಹೊಸ್ತಿಲಿಗೆ ಬಂದಾಗ ಕಾಲು ತಡೆಯಿತು. ತಾನೇ ಆಡಿದ ಮಾತು ಅಲ್ಲಿ ಅಡ್ಡ ಬಿದ್ದಿತ್ತು. ತಿರುಗಿ ಹೋಗಿ ಬಂದೂಕನ್ನು ಗೂಟಕ್ಕೆ ಹಾಕಿ, ಬರಿಗೈಯಲ್ಲಿ, ಬರಿಗಾಲಲ್ಲಿ ಓಡಿದ.

ಅವನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಲೆಗೆ ಬಿದ್ದ ಒಂಟಿ ಹಂದಿ ಹೊರಳಿ ಎದ್ದು, ಬಲೆ ಹರಿದು, ಹಗ್ಗ ಬಿಡದೆ ಹಿಡಿದಿದ್ದ ಸೋಮನಿಂಗನ ತೊಡೆ ಸೀಳಿ ಕಬ್ಬಿನೊಳಗೆ ಹೊಕ್ಕಿತ್ತು. ಭರ್ಚಿಯವರು ದೂರದಲ್ಲಿದ್ದರು. ಮಂದಿ ಸೋಮನಿಂಗನನ್ನು ಟೆಂಪೋದಲ್ಲಿ ಹಾಕಿಕೊಂಡು ಬಾಗೇವಾಡಿಯ ದವಾಖಾನೆಯ ದಾರಿ ಹಿಡಿದರು. ನಬಿಲಾಲ ತನ್ನ ರುಮಾಲು ಬಿಚ್ಚಿ ಆ ತೊಡೆಗೆ ಬಿಗಿದು, ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತ. ದವಾಖಾನೆ ಕಾಣುವ ಮೊದಲೇ ಆ ಕೈಗಳ ಕೆಳಗೆ ಸೋಮನಿಂಗನ ಕಾಲು ತಣ್ಣಗಾಯಿತು.

ಮಣ್ಣಿಗೆ ನಬಿಲಾಲ ಹೋದ, ಒಂದು ಹಿಡಿ ಮಣ್ಣು ಹಾಕಿದ. ಆದರೆ ಚಂದವ್ವನ ಮನೆಗೆ ಕಾಲಿಡುವ ಧೈರ್ಯ ಅವನಿಗಾಗಲಿಲ್ಲ. ಅವಳ ಓಣಿ ಬಂದರೆ ಸುತ್ತುಹಾಕಿ ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಬಂದೂಕಿದ್ದ ಗೋಡೆಗೆ ಬೆನ್ನು ಮಾಡಿ ಮಲಗುತ್ತಿದ್ದ.

ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ಸೋಮನಿಂಗನ ಮಗಳು ಮಾಲಾ ಬಂದಳು. ಕೈಯಲ್ಲಿ ಕಾಲು ಕಟ್ಟಿದ ಕೋಳಿ.

“ಏನವಾ ಇದು?” ನಬಿಲಾಲ ಕೇಳಿದ.

“ಬಂದೂಕಿನ ಪಾಲು, ಮಾಮಾ. ಅವತ್ತ ಮುಂಜಾನೇನ ಅಪ್ಪ ಆರಿಸಿ, ಬುಟ್ಟಿ ಮುಚ್ಚಿ ಹೋಗಿದ್ದ. ಬಲಿ ದಿನಾ ಆದ್ರೇನಾತು, ನಬಿಲಾಲ ಮನ್ಯಾಗ ಕುಂತದ್ದು ನಮ್ಮ ಸಲುವಾಗಿ, ಅವನ ಪಾಲು ಅವನಿಗೆ ಮುಟ್ಟಬೇಕು ಅಂದಿದ್ದ. ಅವ್ವ ಕೊಟ್ಟ ಬಾ ಅಂದ್ಲು.”

ಕೋಳಿಯನ್ನು ಜಗಲಿಯ ಮೇಲಿಟ್ಟು ಅವಳು ಹೋದಳು. ಇಮಾಮಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದುಹೋದಳು. ಆ ಮನೆಯಲ್ಲಿ ಅಂದು ಚೂರಿ ಹಿಡಿಯುವ ಕೈ ಯಾರಿಗೂ ಇರಲಿಲ್ಲ. ನಬಿಲಾಲ ಕೊನೆಗೆ ಕೋಳಿಯ ಕಾಲಿನ ದಾರ ಬಿಚ್ಚಿದ.

ಕೋಳಿ ರೆಕ್ಕೆ ಕೊಡವಿತು, ಅತ್ತಿತ್ತ ನೋಡಿತು. ಹೊತ್ತು ಮುಳುಗುವ ಹೊತ್ತಲ್ಲವೇ, ತನ್ನ ಗೂಡಿನ ದಾರಿ ಹಿಡಿಯಿತು. ನಬಿಲಾಲ ಹಿಡಿಯುವವನಂತೆ ಅದರ ಹಿಂದೆ ಹೋದ, ಹಿಡಿಯಲಿಲ್ಲ. ಮಸೀದಿ ದಾಟಿ, ಬೇವಿನ ಮರ ದಾಟಿ, ತಾನು ಇಷ್ಟು ದಿನ ತಪ್ಪಿಸಿದ ಓಣಿಗೆ ಕೋಳಿಯ ಬೆನ್ನು ಹತ್ತಿ ಬಂದ.

ಚಂದವ್ವ ಪಡಸಾಲೆಯಲ್ಲಿ ಗೋಡೆಗೆ ಆನಿಕೊಂಡು ಕೂತಿದ್ದಳು.

“ಬಾ ಅಣ್ಣಾ” ಎಂದಳು. ಆಮೇಲೆ ಕೇಳಿದಳು: “ಒಂದ ಮಾತ ಖರೇ ಹೇಳು. ನೀ ಹಿಂದ ನಿಂತಿದ್ರ ಅಂವ ಉಳೀತಿದ್ನೇನು?”

ಸುಳ್ಳು ಹೇಳಬಹುದಿತ್ತು. ಹಣೆಬರಹ ಅನ್ನಬಹುದಿತ್ತು, ಊರೆಲ್ಲ ಹಾಗೇ ಅನ್ನುತ್ತಿತ್ತು.

“ಉಳೀತಿದ್ದ, ತಂಗಿ” ಎಂದ ನಬಿಲಾಲ.

ಚಂದವ್ವ ತಲೆ ಆಡಿಸಿದಳು. “ಅವತ್ತ ಮುಂಜಾನೆ ನಾನೂ ಅಂದೆ, ನಬಿಲಾಲಣ್ಣನ್ನ ಕರಕೊಂಡ ಹೋಗು ಅಂತ. ಕರದ್ರ ಓಡಿ ಬರತಾನ, ಆದ್ರ ಊರ ಮುಂದ ಅವನ ಮಾತ ಸಣ್ಣದಾಗತೈತಿ, ಬ್ಯಾಡ ಅಂದ.”

ನಬಿಲಾಲ ಹೊಸ್ತಿಲ ಮೇಲೆ ಕುಸಿದು ಕೂತು, ಹೆಂಗಸರ ಹಾಗೆ ದನಿ ತೆಗೆದು ಅತ್ತ. ಚಂದವ್ವ ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕೋಳಿ ಅವನನ್ನು ದಾಟಿ ಒಳಗೆ ಹೋಗಿ ತನ್ನ ಮೂಲೆಯಲ್ಲಿ ಕೂತಿತು. ಅವಳು ಎದ್ದು ಅದರ ಮೇಲೆ ಬುಟ್ಟಿ ಮುಚ್ಚಿದಳು.

“ಇಲ್ಲೇ ಇರ್ಲಿ ಅಣ್ಣಾ” ಎಂದಳು. “ಪಾಲು ನಿಂದ ಐತಿ.”